ನಾಲಿಗೆ ಎಲ್ಲಿ, ಉಸಿರು ಹೇಗೆ? ಇಂಗ್ಲಿಷ್ ವ್ಯಂಜನಗಳ ಬಗ್ಗೆ ಒಂದಿಷ್ಟು

ಕೇಳುಗರಿಗೆ ನಮಸ್ಕಾರ.

ಮುಂಬೈಯ ಹಾರ್ಬರ್ ಲೈನಿನಲ್ಲಿ ಓಡಾಡುವವರು ಸ್ಟೇಷನ್ ಬೋರ್ಡುಗಳನ್ನು ಒಮ್ಮೆ ಸರಿಯಾಗಿ ನೋಡಿ. ವಡಾಳಾ, ವಾಶಿ. ಮರಾಠಿಯಲ್ಲಿ ಎರಡೂ ಒಂದೇ 'ವ'. ಇಂಗ್ಲಿಷಿನಲ್ಲಿ ಮಾತ್ರ ವಡಾಳಾಕ್ಕೆ ಡಬ್ಲ್ಯೂ, ವಾಶಿಗೆ ವಿ. ಹಾಗೆಯೇ ವರಳಿಗೆ ಡಬ್ಲ್ಯೂ, ವಿಕ್ರೋಳಿಗೆ ವಿ. ನಮಗೆ ಇದರಿಂದ ತೊಂದರೆ ಏನೂ ಇಲ್ಲ. ಎರಡನ್ನೂ ಒಂದೇ ಥರ ಓದಿಕೊಂಡು, ಇಳಿಯಬೇಕಾದಲ್ಲಿ ಇಳಿಯುತ್ತೇವೆ. ಆದರೆ ಇಂಗ್ಲಿಷ್ ಮಾತಾಡಲು ಹೊರಟಾಗ ನಮ್ಮ ಈ ಒಂದು 'ವ' ಇಬ್ಬರ ಕೆಲಸ ಮಾಡಬೇಕಾಗುತ್ತದೆ. ಎಡವಟ್ಟಾಗುವುದು ಅಲ್ಲೇ.

ಇಂಗ್ಲಿಷಿನಲ್ಲಿ ಅಕ್ಷರ 26 ಅಂತ ಎಲ್ಲರಿಗೂ ಗೊತ್ತು. ಆ ಲೆಕ್ಕವನ್ನು ಪಕ್ಕಕ್ಕಿಡಿ. ಬಾಯಿಯ ಲೆಕ್ಕ ಬೇರೆ. ಸಾಮಾನ್ಯವಾಗಿ ಪಾಠ ಹೇಳುವ ಇಂಗ್ಲಿಷಿನಲ್ಲಿ ವ್ಯಂಜನ ಧ್ವನಿಗಳು 24. ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿದರೆ ಸಾಕು, ಅದರ ಜಾತಕ ಸಿಗುತ್ತದೆ. ಉಸಿರನ್ನು ಎಲ್ಲಿ ತಡೆಯುತ್ತೇವೆ? ಹೇಗೆ ತಡೆಯುತ್ತೇವೆ? ಗಂಟಲು ನಡುಗುತ್ತದೆಯೋ ಇಲ್ಲವೋ?

ಕನ್ನಡ ಶಾಲೆಗೆ ಹೋದವರಿಗೆ ಇದು ಹೊಸ ವಿದ್ಯೆಯೇ ಅಲ್ಲ. ಕ, ಚ, ಟ, ತ, ಪ ಅಂತ ಕೂಗಿ ಬಾಯಿಪಾಠ ಮಾಡಿದ್ದೇವಲ್ಲ, ಅದು ಇದೇ. 'ಕ' ಗಂಟಲ ಹತ್ತಿರ. 'ಚ' ಅಂಗುಳಲ್ಲಿ. 'ಟ'ಕ್ಕೆ ನಾಲಿಗೆ ಮೇಲಕ್ಕೆ ಮಡಚುತ್ತದೆ. 'ತ' ಹಲ್ಲಿಗೆ, 'ಪ' ತುಟಿಗೆ. ಒಳಗಿನಿಂದ ಹೊರಗೆ, ಒಂದೊಂದೇ ಹೆಜ್ಜೆ. ಅಡ್ಡಸಾಲಿನಲ್ಲೂ ಲೆಕ್ಕ ಉಂಟು: ಮೊದಲು ಗಂಟಲು ನಡುಗದ 'ಕ', ಆಮೇಲೆ ಅದಕ್ಕೆ ಉಸಿರು ಸೇರಿಸಿದ 'ಖ', ನಡುಗುವ 'ಗ', ಅದರ ಮಹಾಪ್ರಾಣ 'ಘ', ಕೊನೆಗೆ ಮೂಗಿನ 'ಙ'. ಇಂಥ ಅಚ್ಚುಕಟ್ಟು ಎ, ಬಿ, ಸಿ, ಡಿಯಲ್ಲಿ ಎಲ್ಲಿದೆ? ಮೇಷ್ಟರು ಮಾತ್ರ ಇದನ್ನೆಲ್ಲ ನಮಗೆ ಬಿಡಿಸಿ ಹೇಳಲಿಲ್ಲ. ಸುಮ್ನೆ ಕೂಗಿಸಿದರು, ಅಷ್ಟೇ.

1886ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ಭಾಷಾ ಶಿಕ್ಷಕರು ಸೇರಿ ಅಂತಾರಾಷ್ಟ್ರೀಯ ಧ್ವನಿಶಾಸ್ತ್ರದ ಸಂಘ ಕಟ್ಟಿದರು. ಅವರು ಮಾಡಿದ ಧ್ವನಿಗಳ ಪಟ್ಟಿಯಲ್ಲೂ ಒಂದು ಕಡೆ ಜಾಗ, ಇನ್ನೊಂದು ಕಡೆ ರೀತಿ. ವ್ಯತ್ಯಾಸ ಏನೆಂದರೆ, ಅವರದು ತುಟಿಯಿಂದ ಶುರುವಾಗಿ ಗಂಟಲಿಗೆ ಹೋಗುತ್ತದೆ. ನಮ್ಮದು ಗಂಟಲಿನಿಂದ ತುಟಿಗೆ ಬರುತ್ತದೆ.

ಮೊದಲು ಸುಲಭದ್ದನ್ನು ಮುಗಿಸೋಣ. ಪ, ಬ, ಮ ಎರಡೂ ತುಟಿ ಸೇರಿ ಹುಟ್ಟುತ್ತವೆ. ಕ, ಗ ನಾಲಿಗೆಯ ಹಿಂಭಾಗ ಮೇಲೆದ್ದು ಹುಟ್ಟುತ್ತವೆ. ಯ, ಲ, ನ, ಹ ಇವುಗಳಲ್ಲಿ ನಮಗೆ ಹೆಚ್ಚು ಕಷ್ಟವಿಲ್ಲ. 'ರ' ಸ್ವಲ್ಪ ಬೇರೆ. ನಮ್ಮ ನಾಲಿಗೆ ಮೇಲೆ ತಟ್ಟುತ್ತದೆ, ಇಂಗ್ಲಿಷರದು ತಟ್ಟದೆ ಹತ್ತಿರ ಹೋಗಿ ವಾಪಸ್ ಬರುತ್ತದೆ.

ಈಗ ಅಸಲಿ ವಿಷಯ. ನಮಗೆ ಕೈಕೊಡುವ ಧ್ವನಿಗಳನ್ನು ನೋಡಿದರೆ, ಕೆಲವು ಕಡೆ ಜಾಗ ತಪ್ಪಿರುತ್ತದೆ, ಕೆಲವು ಕಡೆ ರೀತಿ ತಪ್ಪಿರುತ್ತದೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಿ 'ಉಚ್ಚಾರ ಸರಿಯಿಲ್ಲ' ಅಂತ ಬೈದರೆ ಕಲಿಯುವವನಿಗೆ ಏನೂ ಸಿಗುವುದಿಲ್ಲ.

'ಟೆನ್' ಅನ್ನಿ. ನಾವು ನಮ್ಮ 'ಟ' ಹಾಕುತ್ತೇವೆ. ಉಸಿರನ್ನು ಪೂರ್ತಿ ತಡೆದು ತಟ್ಟನೆ ಬಿಡುತ್ತೇವೆ. ಅಲ್ಲಿಗೆ ರೀತಿ ಸರಿ. ಜಾಗ ಮಾತ್ರ ಹಿಂದೆ ಸರಿದಿದೆ. ಇಂಗ್ಲಿಷಿನ ನಾಲಿಗೆ ತುದಿ ಮೇಲಿನ ಹಲ್ಲುಗಳ ಹಿಂದಿರುವ ಉಬ್ಬಿಗೆ ತಾಗುತ್ತದೆ. ಆ ಉಬ್ಬು ಎಲ್ಲಿ ಅಂತ ಹುಡುಕಬೇಕಾಗಿಲ್ಲ. 'ಲ' ಅನ್ನಿ, ನಾಲಿಗೆಯನ್ನು ಅಲ್ಲೇ ನಿಲ್ಲಿಸಿ. ಅದೇ ಜಾಗದಿಂದ ಈಗ 'ಟ' ಹೇಳಲು ನೋಡಿ. ನಮ್ಮ 'ಟ'ಕ್ಕೂ 'ತ'ಕ್ಕೂ ನಡುವಿನ ಒಂದು ಸದ್ದು ಬರುತ್ತದೆ. ಅದೇ ಇಂಗ್ಲಿಷಿನದು. 'ಡ'ಕ್ಕೂ ಇದೇ ಮಾತು.

'ಥ್ಯಾಂಕ್ಸ್' ತಗೊಳ್ಳಿ. ಇಲ್ಲಿ ತಲೆಕೆಳಗು. ನಾಲಿಗೆ ಹಲ್ಲಿಗೇ ಹೋಗುತ್ತದೆ, ಜಾಗ ಸರಿ. ಆದರೆ ನಾವು ಬಾಗಿಲು ಪೂರ್ತಿ ಮುಚ್ಚುತ್ತೇವೆ. ಇಂಗ್ಲಿಷಿನವರು ಸಂದಿ ಬಿಡುತ್ತಾರೆ, ಅದರೊಳಗಿಂದ ಗಾಳಿ ಉಜ್ಜಿಕೊಂಡು ಹೊರಗೆ ಬರುತ್ತದೆ. ಇಂಥವನ್ನು ಘರ್ಷ ಧ್ವನಿ ಅನ್ನುತ್ತಾರೆ. 'ದಿಸ್' ಎನ್ನುವಾಗಲೂ ಅದೇ ಸಂದಿ, ಜೊತೆಗೆ ಗಂಟಲು ನಡುಗಬೇಕು.

ನನ್ನ ಪ್ರಕಾರ ಇಡೀ ಕಷ್ಟದ ಗುಟ್ಟು ಈ ಘರ್ಷ ಧ್ವನಿಗಳಲ್ಲಿದೆ. ಇಂಗ್ಲಿಷಿನ 24 ವ್ಯಂಜನಗಳಲ್ಲಿ ಇವು 9. ನಮ್ಮ ವರ್ಣಮಾಲೆಯಲ್ಲಿ ಶ, ಷ, ಸ, ಹ ಬಿಟ್ಟರೆ ಇಂಥವಕ್ಕೆ ಮನೆಯೇ ಇಲ್ಲ. ಆದ್ದರಿಂದ ಉಳಿದವು ಬಂದಾಗ ಪಕ್ಕದ ಮನೆಯ ಅಕ್ಷರವನ್ನು ಕರೆದು ಕೂರಿಸುತ್ತೇವೆ.

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕೂತು ಕಿವಿಗೊಡಿ. 'ಒಂದು ಕಾಪಿ' ಅಂತ ಒಂದು ಟೇಬಲ್, 'ಎರಡು ಕಾಫಿ' ಅಂತ ಇನ್ನೊಂದು. ಇಂಗ್ಲಿಷಿನ ಎಫ್‌ಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂರಬೇಕು, ಗಾಳಿ ಸೋರಬೇಕು. 'ಕಾಪಿ' ಅನ್ನುವವರು ಹಲ್ಲು ಬಿಟ್ಟು ಎರಡೂ ತುಟಿ ಸೇರಿಸುತ್ತಾರೆ, ಸೋರಿಕೆಯನ್ನೂ ನಿಲ್ಲಿಸುತ್ತಾರೆ. ಜಾಗವೂ ಬದಲು, ರೀತಿಯೂ ಬದಲು. ಹೋಟೆಲಿನಲ್ಲಿ ಪರವಾಗಿಲ್ಲ, ಕಾಫಿಯೇ ಬರುತ್ತದೆ. ಆಫೀಸಿನಲ್ಲಿ 'ಎರಡು ಕಾಪಿ ಬೇಕು' ಅಂದರೆ ಜೆರಾಕ್ಸ್ ಬರುತ್ತದೆ! ಇನ್ನು ಕೆಲವರು ಎಲ್ಲಾ 'ಫ'ವನ್ನೂ ಎಫ್ ಮಾಡಿ, 'ಫಲ' ಅನ್ನುವಾಗಲೂ ಹಲ್ಲು ತುಟಿಗೆ ತಾಗಿಸುತ್ತಾರೆ. ಅದು 'ಪ'ದ ಮಹಾಪ್ರಾಣ, ಅಲ್ಲಿ ಹಲ್ಲಿಗೆ ಕೆಲಸವಿಲ್ಲ.

ಈಗ ನಮ್ಮ 'ವ'. ಹಲ್ಲು ತುಟಿಯ ಹತ್ತಿರ ಹೋಗುತ್ತದೆ, ಒತ್ತುವುದಿಲ್ಲ, ಉಜ್ಜುವುದಿಲ್ಲ. ಇಂಗ್ಲಿಷಿನ ವಿ ಆಗಬೇಕಾದರೆ ಎಫ್‌ನಂತೆಯೇ ಹಲ್ಲು ಕೂರಿಸಿ ಗಂಟಲು ನಡುಗಿಸಬೇಕು. ಡಬ್ಲ್ಯೂ ಆಗಬೇಕಾದರೆ ಹಲ್ಲನ್ನು ಮರೆತು, ತುಟಿಗಳನ್ನು 'ಊ' ಅನ್ನುವಂತೆ ದುಂಡಗೆ ಮಾಡಬೇಕು. ಬಳ್ಳಿಯ 'ವೈನ್' ವಿ, ಬಾಟಲಿಯ 'ವೈನ್' ಡಬ್ಲ್ಯೂ. ಮರಾಠಿಯವರು ಬರವಣಿಗೆಯಲ್ಲಿ ಒಂದು ಉಪಾಯ ಮಾಡಿದ್ದಾರೆ. ಟೀವಿ, ವಿಡಿಯೋ ಬರೆಯುವಾಗ 'ವ'ಕ್ಕೆ 'ಹ' ಸೇರಿಸಿ 'ಟೀವ್ಹೀ', 'ವ್ಹಿಡಿಓ' ಅಂತ ಬರೆಯುತ್ತಾರೆ. ಗಾಳಿ ಉಜ್ಜುವುದನ್ನು ಕಿವಿ ಹಿಡಿದಿದೆ, ಭೇಷ್. ಆಮೇಲೆ ಅದೇ 'ವ್ಹ'ವನ್ನು ವಾಟ್ಸಾಪ್‌ಗೂ ಹಾಕಿಬಿಟ್ಟಿದ್ದಾರೆ, ಅದು ಬೇರೆ ಕಥೆ.

ಮರಾಠಿಯ ಮಾತು ಬಂದಿದ್ದಕ್ಕೆ ಇನ್ನೊಂದು. ಮುಂಬೈ, ಪುಣೆಯ ಕನ್ನಡಿಗರಿಗೆ ಊರಿನವರಿಗಿಲ್ಲದ ಒಂದು ಅನುಕೂಲ ಇದೆ. ಮರಾಠಿಯ 'ತ್ಯಾಚಾ', 'ತ್ಯಾಚೀ' ಕೇಳಿ. ಬರೆಯುವ ಅಕ್ಷರ ಒಂದೇ 'ಚ'. 'ತ್ಯಾಚೀ'ಯಲ್ಲಿ ಅದು ನಮ್ಮ 'ಚ'ದ ಹಾಗೇ ಅಂಗುಳಲ್ಲಿ ಹುಟ್ಟುತ್ತದೆ. 'ತ್ಯಾಚಾ'ದಲ್ಲಿ ನಾಲಿಗೆ ಮುಂದೆ ಬಂದು 'ತ್ಸಾ' ಆಗುತ್ತದೆ. ಎರಡೂ ಮೊದಲು ತಡೆದು, ಆಮೇಲೆ ಉಜ್ಜಿ ಬಿಡುವ ಧ್ವನಿಗಳೇ. ರೀತಿ ಒಂದು, ಜಾಗ ಎರಡು. ಊರಿನಿಂದ ಹೊಸದಾಗಿ ಬಂದವರು ಎರಡಕ್ಕೂ ಒಂದೇ 'ಚ' ಹಾಕುತ್ತಾರೆ, ತರಕಾರಿ ಮಾರುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೆಲವು ವರ್ಷ ಇಲ್ಲಿ ಬಾಳಿದವರಿಗೆ ಅದು ತಾನಾಗಿ ಬರುತ್ತದೆ. ಇಂಗ್ಲಿಷಿನ ಝಡ್ ಕೂಡ ಇಲ್ಲಿನ ಮಕ್ಕಳಿಗೆ ಅಷ್ಟು ಕಷ್ಟವಲ್ಲ. ಹಿಂದಿ, ಮರಾಠಿ ಬೀದಿಯಲ್ಲಿ ಅದನ್ನು ಕೇಳಿಯೇ ಬೆಳೆಯುತ್ತಾರೆ. ಊರಿನಲ್ಲಿ 'ಝೂ'ಗೆ 'ಜೂ' ಅನ್ನುತ್ತಾರೆ. 'ಜೂ' ಅಂದಾಗ ನಾಲಿಗೆ ಮೊದಲು ತಡೆಯುತ್ತದೆ, ಝಡ್‌ನಲ್ಲಿ ತಡೆಯೇ ಇಲ್ಲ.

ಕಲಿಯುವುದು ಹೀಗೆ. ಗಂಟಲ ಮೇಲೆ ಎರಡು ಬೆರಳಿಡಿ. 'ಸ್‌ಸ್‌ಸ್' ಅಂತ ಎಳೆಯಿರಿ. ಏನೂ ಆಗುವುದಿಲ್ಲ. ಈಗ ನಾಲಿಗೆ ಕದಲಿಸದೆ ಗಂಟಲನ್ನು ಮಾತ್ರ ನಡುಗಿಸಿ. ಬಂದದ್ದು ಝಡ್. ಜಾಗ ಅದೇ, ರೀತಿ ಅದೇ, ಘೋಷ ಅಂದರೆ ಗಂಟಲಿನ ನಡುಕ ಮಾತ್ರ ಹೊಸದು. 'ಶ್‌ಶ್‌ಶ್' ಅಂತ ಎಳೆದು ಹೀಗೇ ಮಾಡಿದರೆ 'ಪ್ಲೆಷರ್', 'ವಿಷನ್' ಪದಗಳ ನಡುವಿನ ಸದ್ದು ಬರುತ್ತದೆ.

ಉಸಿರಿನ ಮಾತೂ ಒಂದಿದೆ. ಕೈಯಲ್ಲಿ ಬಸ್ ಟಿಕೆಟ್‌ನಂಥ ಹಗುರ ಕಾಗದ ಇದ್ದರೆ ತುಟಿಯ ಮುಂದೆ ಹಿಡಿಯಿರಿ. ಇಂಗ್ಲಿಷಿನವರು 'ಪಿನ್' ಅಂದಾಗ ಆ ಕಾಗದ ಹಾರುತ್ತದೆ, 'ಸ್ಪಿನ್' ಅಂದಾಗ ಅಲ್ಲಾಡುವುದು ಕಡಿಮೆ. ಒಂದೇ 'ಪ' ಮೊದಲಲ್ಲಿ ಬಂದರೆ ಮಹಾಪ್ರಾಣ, 'ಸ'ದ ಬೆನ್ನಿಗೆ ಬಂದರೆ ಅಲ್ಪಪ್ರಾಣ. ಅವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಇದರಿಂದ ಅವರಲ್ಲಿ ಅರ್ಥ ಬದಲಾಗುವುದಿಲ್ಲ. ನಾವು ಉಸಿರಿಲ್ಲದೆ 'ಪಿನ್' ಅಂದರೆ ಅವರ ಕಿವಿಗೆ ಕೆಲವು ಸಲ 'ಬಿನ್' ಕೇಳಿಸುತ್ತದೆ.

ಮೂಗಿನ ಧ್ವನಿಗಳಲ್ಲಿ 'ಙ' ಸ್ವಾರಸ್ಯದ್ದು. ಕನ್ನಡದಲ್ಲಿ ಅದರಿಂದ ಶುರುವಾಗುವ ಪದ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. 'ಸಿಂಗರ್', 'ಫಿಂಗರ್' ಎರಡನ್ನೂ ನಾವು ಸೊನ್ನೆ ಹಾಕಿ ಒಂದೇ ಥರ ಬರೆಯುತ್ತೇವೆ. ಆದರೆ 'ಫಿಂಗರ್'ನಲ್ಲಿ 'ಗ' ಇದೆ, 'ಸಿಂಗರ್'ನಲ್ಲಿ ಇಲ್ಲ. ಅಲ್ಲಿರುವುದು ಬರೀ 'ಙ'. ಹಾಡುವವರನ್ನು ಕರೆಯುವಾಗ 'ಗ'ವನ್ನು ನುಂಗಿಬಿಡಿ.

ಇಷ್ಟೆಲ್ಲ ಕಲಿಯಬೇಕಾ ಅಂತ ಕೇಳಬಹುದು. ನಾನಾದರೆ 'ಟ', 'ಡ'ಗಳನ್ನು ಹಾಗೇ ಬಿಟ್ಟುಬಿಡುತ್ತೇನೆ. ನಮ್ಮ 'ಟೆನ್' ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಎಫ್, ಝಡ್, ಆ ಎರಡು 'ವ', ಇವುಗಳ ಮೇಲೆ ಮಾತ್ರ ಸ್ವಲ್ಪ ಜಾಸ್ತಿ ಬೆವರು ಸುರಿಸಬೇಕು. ಇವು ತಪ್ಪಿದರೆ ಪದವೇ ಬದಲಾಗುತ್ತದೆ.

ಈ ವಿಂಗಡಣೆಯಿಂದ ವ್ಯಾಕರಣಕ್ಕೂ ಲಾಭ ಇದೆ. ಬಹುವಚನದ ಎಸ್ ನೋಡಿ. 'ಕ್ಯಾಟ್ಸ್' ಅಂದಾಗ 'ಸ್'. 'ಡಾಗ್' ಬಹುವಚನದಲ್ಲಿ ಝಡ್, ನಾವು ಅಲ್ಲೂ 'ಸ್' ಅನ್ನುತ್ತೇವೆ. 'ಬಸ್' ಬಹುವಚನವಾದಾಗ ನಡುವೆ ಒಂದು ಸ್ವರ ನುಗ್ಗುತ್ತದೆ. ಮೂರು ನಿಯಮ ಬಾಯಿಪಾಠ ಮಾಡಬೇಕಾಗಿಲ್ಲ. ಪದದ ಕೊನೆಯ ಧ್ವನಿಗೆ ಗಂಟಲು ನಡುಗದಿದ್ದರೆ 'ಸ್', ನಡುಗಿದರೆ ಝಡ್. ಕೊನೆಯಲ್ಲೇ ಸ, ಶ, ಚ, ಜ, ಝಡ್‌ನಂಥ ಸದ್ದು ಇದ್ದರೆ, ಅದರ ಬೆನ್ನಿಗೇ ಇನ್ನೊಂದು 'ಸ್' ಹೇಳಲು ನಾಲಿಗೆಗೆ ಆಗುವುದಿಲ್ಲ, ಆದ್ದರಿಂದ ನಡುವೆ 'ಇ' ಬರುತ್ತದೆ. ಭೂತಕಾಲದಲ್ಲೂ ಹೀಗೇ. 'ವಾಕ್' ಆದ ಮೇಲೆ 'ಟ್' ಕೇಳಿಸಬೇಕು, 'ಡ್' ಅಲ್ಲ. 'ಪ್ಲೇ' ಆದ ಮೇಲೆ 'ಡ್'. 'ವಾಂಟ್' ಆದ ಮೇಲೆ 'ಇಡ್', ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಬೆರಳು ಗಂಟಲ ಮೇಲಿಟ್ಟುಕೊಂಡು ಒಮ್ಮೆ ಹೇಳಿ ನೋಡಿ.

ನಮಸ್ಕಾರ.