ಕಿಸೆಗೆ ಚಾಕುವೋ, ಇಕ್ಕಳವೋ?

ನಮಸ್ಕಾರ. ಇವತ್ತಿನ ಮಾತು ಹೊಸಪೇಟೆಯ ಒಂದು ಲಾಡ್ಜಿನ ಬಚ್ಚಲಿನಿಂದ ಶುರುವಾಗುತ್ತದೆ. ಹಂಪಿ ಸುತ್ತಿ ಮೈಯೆಲ್ಲ ಧೂಳು ಮಾಡಿಕೊಂಡು ಬಂದಿದ್ದೆ. ಬಿಸಿನೀರಿನ ನಲ್ಲಿ ತಿರುಗಿಸಿದೆ, ಬಕೆಟ್ಟು ತುಂಬಿತು, ನಿಲ್ಲಿಸಲು ಹೋದರೆ ನಲ್ಲಿಯ ಹಿಡಿಕೆ ಕೈಗೇ ಬಂತು. ನೀರು ಮಾತ್ರ ಸುರಿಯುತ್ತಲೇ ಇದೆ. ಹಿಡಿಕೆ ಕಳಚಿದ ನಲ್ಲಿಯಲ್ಲಿ ಉಳಿಯುವುದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹಿತ್ತಾಳೆಯ ಕಡ್ಡಿ. ಅದನ್ನು ಬರಿಗೈಯಲ್ಲಿ ತಿರುಗಿಸಲು ನೋಡಿದವರಿಗೆ ಗೊತ್ತು, ಬೆರಳಿನ ಚರ್ಮ ಸುಲಿಯುತ್ತದೆಯೇ ಹೊರತು ಕಡ್ಡಿ ಅಲುಗುವುದಿಲ್ಲ.

ನನ್ನ ಕಿಸೆಯಲ್ಲಿ ಕೆಂಪು ಸ್ವಿಸ್ ಚಾಕು ಇತ್ತು. ವಿಕ್ಟೋರಿನಾಕ್ಸ್ ಕಂಪನಿಯ ಕ್ಲೈಂಬರ್. ಎಂಟು ವರ್ಷ ಅದನ್ನು ಬಿಟ್ಟು ನಾನು ಮನೆಯ ಹೊಸ್ತಿಲು ದಾಟಿದವನಲ್ಲ. ದೊಡ್ಡ ಅಲಗು ತೆಗೆದೆ, ಮುಚ್ಚಿದೆ. ಸಣ್ಣ ಅಲಗು ತೆಗೆದೆ, ಮುಚ್ಚಿದೆ. ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ, ಬಾಟಲಿಯ ಮುಚ್ಚಳ ಎಬ್ಬಿಸುವ ಕೊಕ್ಕೆ, ಎಲ್ಲವೂ ಒಂದೊಂದಾಗಿ ಹೊರಗೆ ಬಂದು ಒಳಗೆ ಹೋದವು. ಬಿಸಿನೀರು ಪಾದದ ಮೇಲೆ ಹರಿಯುತ್ತಿರುವಾಗ, ವೈನ್ ಬಾಟಲಿಯ ಬಿರಡೆ ಕೀಳುವ ಸುರುಳಿಯನ್ನು ಕೈಯಲ್ಲಿ ಹಿಡಿದು ನಲ್ಲಿಯ ಮುಂದೆ ನಿಂತವನನ್ನು ಊಹಿಸಿಕೊಳ್ಳಿ. ಕೊನೆಗೆ ಕೆಳಗಿನಿಂದ ಒಬ್ಬ ಹುಡುಗ ತುಕ್ಕು ಹಿಡಿದ ಕಟಿಂಗ್ ಪ್ಲೇಯರ್ ತಂದ. ಅರ್ಧ ಸುತ್ತು ತಿರುಗಿಸಿದ. “ಅಷ್ಟೇ ಸಾರ್” ಎಂದು ಹೋದ.

ಅವನು ಹೋದ ಮೇಲೆ ನೆನಪಾದದ್ದು ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಎಂಜಿನಿಯರ್. 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದ. ಕಿಸೆಯಲ್ಲಿದ್ದದ್ದು ಒಂದು ಸ್ಕೌಟ್ ಚಾಕು. ಕಾರು ಅಲ್ಲಲ್ಲಿ ಕೈಕೊಡುತ್ತಿತ್ತು; ತಂಗಿದ ಅಗ್ಗದ ಹೋಟೆಲುಗಳಲ್ಲಿ ನಲ್ಲಿ, ಕೊಳಾಯಿ ಸೋರುತ್ತಿದ್ದವು. ಚಾಕು ಇದೆ, ಇಕ್ಕಳ ಇಲ್ಲ. ನನ್ನದೇ ಕಥೆ. ವ್ಯತ್ಯಾಸ ಇಷ್ಟೇ: ನಾನು ಸ್ನಾನ ಮಾಡಿ ಮಲಗಿದೆ, ಆತ ಊರಿಗೆ ಮರಳಿ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕೂತು ಇಕ್ಕಳವನ್ನೇ ಮಡಚಿ, ಅದರ ಹಿಡಿಕೆಯೊಳಗೆ ಚಾಕುವಿನ ಅಲಗನ್ನೂ ಸೇರಿಸಿ ಕಿಸೆಗೆ ಇಳಿಸಿದ. ಚಾಕು ಕಂಪನಿಗಳಿಗೆ ತೋರಿಸಿದರೆ, ಇದು ಚಾಕುವಲ್ಲ, ಉಪಕರಣ ಎಂದವು. ಉಪಕರಣದ ಕಂಪನಿಗಳು ಇದು ಬರೀ ಗ್ಯಾಜೆಟ್ ಎಂದವು. ಕೊನೆಗೆ 1983ರಲ್ಲಿ ಅಂಚೆಯ ಮೂಲಕ ಮಾರುವ ಒಂದು ಕಂಪನಿ 500 ಬೇಕು ಎಂದಿತು. ಅಲ್ಲಿಂದ ಮುಂದೆ ಈ ಬಗೆಯ ಇಕ್ಕಳಕ್ಕೆಲ್ಲ ಜನ ಆತನ ಹೆಸರನ್ನೇ ಇಟ್ಟು ಕರೆಯತೊಡಗಿದರು.

ಸ್ವಿಸ್ ಚಾಕುವನ್ನು ಹೀಗಳೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಅದು ಹುಟ್ಟಿದ್ದೂ ಒಂದು ನಿಜವಾದ ಕೆಲಸಕ್ಕಾಗಿಯೇ. 1891ರಲ್ಲಿ ಕಾರ್ಲ್ ಎಲ್ಸೆನರ್ ಸ್ವಿಸ್ ಸೇನೆಗೆ ಚಾಕು ಕೊಡಲು ಶುರುಮಾಡಿದಾಗ ಅದರಲ್ಲಿದ್ದದ್ದು ನಾಲ್ಕೇ ಅಂಗ: ಅಲಗು, ತೂತು ಕೊರೆಯುವ ಮೊಳೆ, ಡಬ್ಬಿ ತೆರೆಯುವುದು, ಸ್ಕ್ರೂಡ್ರೈವರ್. ಸ್ಕ್ರೂಡ್ರೈವರ್ ಇದ್ದದ್ದು ಸೈನಿಕ ತನ್ನ ಬಂದೂಕನ್ನು ಬಿಚ್ಚಲೆಂದು. ನನ್ನ ಬಚ್ಚಲಿನ ಸುರುಳಿ ಬಂದದ್ದು 1897ರಲ್ಲಿ, ಅಧಿಕಾರಿಗಳ ಚಾಕುವಿಗೆ. ಅಧಿಕಾರಿಗಳಿಗೆ ವೈನ್ ಇತ್ತು, ಸೈನಿಕರಿಗೆ ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಂತೂ ಬಿರಡೆ ಹಾಕಿದ ಬಾಟಲಿ ಇದುವರೆಗೆ ಬಂದಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ನಮ್ಮ ಊರುಗಳಲ್ಲಿ ಚಾಕು ಎಲ್ಲಿ ಸಿಗುವುದಿಲ್ಲ ಹೇಳಿ. ಎಳನೀರಿನವನ ಬಳಿ ಮಚ್ಚು ಇದೆ, ಹಣ್ಣಿನ ಗಾಡಿಯಲ್ಲಿ ಚಾಕು ಇದೆ, ಹೂವು ಮಾರುವವರ ಬುಟ್ಟಿಯಲ್ಲಿ ಬ್ಲೇಡ್ ಇದೆ, ಕಿರಾಣಿ ಅಂಗಡಿಯವನು ಹುರಿ ಕತ್ತರಿಸಲು ಕತ್ತರಿಯನ್ನು ತಕ್ಕಡಿಗೇ ಕಟ್ಟಿರುತ್ತಾನೆ. ಏನೂ ಸಿಗದಿದ್ದರೆ ಬೀಗದ ಕೈಯಲ್ಲಿ ಪಾರ್ಸೆಲ್ಲಿನ ಟೇಪು ಹರಿಯುತ್ತದೆ. ಹಲ್ಲು ಬೇರೆ ಇದ್ದೇ ಇದೆ, ದಂತವೈದ್ಯರು ಕ್ಷಮಿಸಲಿ. ಆದರೆ ಗಟ್ಟಿಯಾಗಿ ಹಿಡಿಯುವುದಕ್ಕೆ ಬದಲಿ ಯಾವುದಿದೆ? ಕುದಿಯುವ ಪಾತ್ರೆ ಇಳಿಸಲು ಅಡುಗೆಮನೆಯಲ್ಲಿ ಇಕ್ಕಳ ಇದೆ, ಅಕ್ಕಸಾಲಿಗರ ಬಳಿ ಚಿಮಟ ಇದೆ. ಇಬ್ಬರೂ ನಿಮ್ಮ ಜೊತೆ ಬಸ್ ಹತ್ತುವುದಿಲ್ಲ. ಸ್ಕೂಟರಿನ ಟೈರಿಗೆ ಹೊಕ್ಕ ಮೊಳೆ, ಬ್ಯಾಗಿನ ಜಿಪ್ಪಿನ ಮುರಿದ ಹಿಡಿ, ಬೇಲಿಯ ತಂತಿ, ಹೊರಗಿನ ಹೊದಿಕೆಯಿಂದ ಇಣುಕುವ ಹರಿದ ಕ್ಲಚ್ ಕೇಬಲ್ಲಿನ ಎಳೆ: ಇವೆಲ್ಲ ಅಲಗನ್ನು ಕೇಳುವುದಿಲ್ಲ, ದವಡೆಯನ್ನು ಕೇಳುತ್ತವೆ.

ನಮ್ಮಜ್ಜನ ಎಲೆಯಡಿಕೆ ಸಂಚಿಯಲ್ಲಿ ಎರಡೂ ಇದ್ದವು. ಎಲೆಯ ತೊಟ್ಟು ತೆಗೆಯಲು ಪುಟ್ಟ ಚೂರಿ, ಅಡಿಕೆಗೆ ಅಡಕತ್ತರಿ. ಚೂರಿಯನ್ನು ಯಾರು ಕೇಳಿದರೂ ಕೊಡುತ್ತಿದ್ದರು. ಅಡಕತ್ತರಿಯನ್ನು ಮಾತ್ರ ಕೈಯಿಂದ ಬಿಟ್ಟದ್ದು ನಾನು ಕಂಡಿಲ್ಲ. ತೊಟ್ಟನ್ನು ಉಗುರಿನಲ್ಲಾದರೂ ಚಿವುಟಬಹುದು, ಒಣಗಿದ ಗೋಟಡಿಕೆಯನ್ನು ಏನು ಮಾಡುತ್ತೀರಿ?

ಸೋಲು ಒಪ್ಪಬೇಕಾದ ಕಡೆ ಒಪ್ಪುತ್ತೇನೆ. ನನ್ನ ಕ್ಲೈಂಬರ್ 80 ಗ್ರಾಂ ಆಸುಪಾಸು ತೂಗುತ್ತದೆ. ಅದರ ಬದಲು ಈಗ ನಾನು ಒಯ್ಯುವ ಮಡಚುವ ಇಕ್ಕಳ, ಲೆದರ್‌ಮನ್ ವೇವ್, 241 ಗ್ರಾಂ, ಅಂದರೆ ಮೊಬೈಲಿಗಿಂತ ಭಾರ. ತೆಳು ಪ್ಯಾಂಟಿನ ಕಿಸೆಗೆ ಹಾಕಿದರೆ ನಡೆಯುವಾಗ ತೊಡೆಗೆ ಗುದ್ದುತ್ತದೆ, ಎರಡು ತಿಂಗಳಲ್ಲಿ ಕಿಸೆಯ ಹೊಲಿಗೆ ಬಿಡುತ್ತದೆ. ಬೆಲ್ಟಿಗೆ ಚೀಲ ಹಾಕಬೇಕು, ಹಾಕಿದರೆ ಮದುವೆ ಮನೆಯಲ್ಲಿ ಲೈಟಿನವರು ಎಂದುಕೊಳ್ಳುತ್ತಾರೆ. ಇನ್ನು ಮಾವಿನಕಾಯಿ ಹೆಚ್ಚುವ ವಿಷಯ. ಸ್ವಿಸ್ ಚಾಕುವಿನ ಅಲಗು ತೆಳು, ಹಿಡಿ ನುಣುಪು. ಕಾಯಿಯ ಕೆನ್ನೆಯನ್ನು ಓಟೆಗೆ ತಾಗಿಸಿ ಒಂದೇ ಎಳೆತಕ್ಕೆ ಇಳಿಸಬಹುದು, ಉಪ್ಪು ಖಾರ ಹಚ್ಚುವಷ್ಟರಲ್ಲಿ ಮುಗಿದಿರುತ್ತದೆ. ಅದೇ ಕೆಲಸವನ್ನು ಇಕ್ಕಳದ ಅಲಗಿನಲ್ಲಿ ಮಾಡಿದರೆ ಉಕ್ಕಿನ ಹಿಡಿಕೆಯ ಅಂಚು ಅಂಗೈಯಲ್ಲಿ ಗೆರೆ ಮೂಡಿಸುತ್ತದೆ, ಮಡಿಕೆಗಳೊಳಗೆ ಹುಳಿ ರಸ ಇಳಿದು ಆಮೇಲೆ ತೊಳೆಯುವ ಗೋಳು ಬೇರೆ. ಕತ್ತರಿಯಲ್ಲಂತೂ ಆ ಕೆಂಪು ಚಾಕುವನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಉಗುರು, ದಾರ, ಮಾತ್ರೆಯ ಪಟ್ಟಿ, ಏನೇ ಕೊಡಿ.

ಆದರೂ ಇಕ್ಕಳದ ಕಡೆ ವಾಲಲು ನನಗೆ ಇನ್ನೊಂದು ಕಾರಣವಿದೆ, ಅದು ಲೋಹಕ್ಕೆ ಸಂಬಂಧಿಸಿದ್ದಲ್ಲ. ಬಸ್ಸಿನಲ್ಲಿ ಕೂತು ಚಾಕು ಬಿಚ್ಚಿ ನೋಡಿ. ಸೇಬು ಹೆಚ್ಚುತ್ತಿದ್ದರೂ ಪಕ್ಕದವರು ಅರ್ಧ ಗೇಣು ಸರಿಯುತ್ತಾರೆ. ರಾಂಪುರಿ ಹಿಡಿದ ಖಳನಾಯಕರನ್ನು ನೋಡಿ ಬೆಳೆದವರು ನಾವು, ಅವರ ತಪ್ಪಲ್ಲ. ಕಾನೂನು ಅಷ್ಟೇನೂ ಕಠಿಣವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಬರುವ ನಿಯಮಗಳು ನೋಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಮನೆಗೆ, ಹೊಲಕ್ಕೆ, ಕಾರ್ಖಾನೆಗೆಂದು ಮಾಡಿದವನ್ನು ಅವು ಹೊರಗಿಡುತ್ತವೆ. ಆದರೆ ಜನರ ಕಣ್ಣು ಅಳತೆಪಟ್ಟಿ ಹಿಡಿಯುವುದಿಲ್ಲ. ಅದೇ ಬಸ್ಸಿನಲ್ಲಿ ಇಕ್ಕಳ ತೆಗೆದು ಕಿಟಕಿಯ ಸಡಿಲ ನಟ್ಟು ಬಿಗಿ ಮಾಡಿ. ಹಿಂದಿನ ಸೀಟಿನ ಅಜ್ಜಿ ತನ್ನ ಚೀಲದ ಜಿಪ್ಪು ಮುಂದೆ ಮಾಡುತ್ತಾರೆ, “ಮಗಾ, ಇದನ್ನೂ ಒಂಚೂರು ನೋಡಪ್ಪ.” ಒಳಗೆ ಮಡಚಿ ಕೂತಿರುವ ಎರಡು ಅಲಗುಗಳ ಬಗ್ಗೆ ಯಾರೂ ಕೇಳುವುದಿಲ್ಲ. ವಿಮಾನದ ಭದ್ರತಾ ತಪಾಸಣೆಯಲ್ಲಿ ಮಾತ್ರ ಕೇಳುತ್ತಾರೆ. ಅಲ್ಲಿ ಎರಡಕ್ಕೂ ಒಂದೇ ಗತಿ, ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಲಗೇಜಿನಲ್ಲಿ ಹಾಕಿ.

ಕೊಳ್ಳುವವರಿಗೆ ಎರಡು ಮಾತು. ಮೊದಲನೆಯದು ಜೀವದ ವಿಷಯ: ಈ ಮಡಚುವ ಇಕ್ಕಳಗಳ ಹಿಡಿಕೆ ಬರೀ ಉಕ್ಕು. ಎಲೆಕ್ಟ್ರಿಷಿಯನ್ನರ ಕಟಿಂಗ್ ಪ್ಲೇಯರಿಗೆ ಇರುವ ದಪ್ಪ ಹೊದಿಕೆ ಇದಕ್ಕಿಲ್ಲ. ಸ್ವಿಚ್‌ಬೋರ್ಡ್ ಮುಟ್ಟುವ ಮುಂಚೆ ಮೇನ್ ಆಫ್ ಮಾಡಿ, ಇಲ್ಲವೇ ಮುಟ್ಟಲೇ ಬೇಡಿ. ಎರಡನೆಯದು, ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ನಕಲು. ಅದರ ಮೂತಿಯನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಗಳೆರಡೂ ನೇರವಾಗಿ ಕೂಡಬೇಕು, ಒಂದು ಎಡಕ್ಕೆ ಒಂದು ಬಲಕ್ಕೆ ಹೋಗಬಾರದು. ಆಮೇಲೆ ತಲೆಯ ಒಂದು ಕೂದಲನ್ನು ತುದಿಯಲ್ಲಿ ಕಚ್ಚಿಸಿ ಎಳೆಯಿರಿ. ಜಾರಿದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಚಾಕು ನಕಲಿಯಾದರೂ ಸಾಣೆ ಹಿಡಿದರೆ ನಾಲ್ಕು ದಿನ ಕತ್ತರಿಸುತ್ತದೆ, ಇಕ್ಕಳದ ಮೂತಿ ಸೊಟ್ಟಗಿದ್ದರೆ ಅದು ತೂಕದ ಕಲ್ಲಿಗೂ ಸಮ ಅಲ್ಲ.

ಕೆಂಪು ಚಾಕು ಈಗ ಎಲ್ಲಿದೆ ಎಂದು ಕೇಳುವವರಿಗೆ: ಅಮ್ಮನ ಹೊಲಿಗೆ ಡಬ್ಬಿಯಲ್ಲಿದೆ, ಕತ್ತರಿ ಚೆನ್ನಾಗಿದೆ ಎಂದು ತೆಗೆದುಕೊಂಡವರು ಹಿಂದಿರುಗಿಸುವ ಮಾತೆತ್ತಿಲ್ಲ. ಹೋದ ವಾರ ಹೊಸ ಗ್ಯಾಸ್ ಸಿಲಿಂಡರ್ ಬಂತು. ಬಾಯಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಕಟ್ಟಿದ ದಾರ ಎಳೆದರೆ ಎಂದಿನಂತೆ ದಾರ ತುಂಡಾಯಿತು, ಮುಚ್ಚಳ ಅಲ್ಲೇ ಉಳಿಯಿತು. ಅಮ್ಮ ಹೊಲಿಗೆ ಡಬ್ಬಿಯತ್ತ ಹೋಗಲಿಲ್ಲ. “ನಿನ್ನ ಸೊಂಟದ ಇಕ್ಕಳ ತಾ” ಎಂದು ಕೂಗಿದರು. ಉಳಿದಿದ್ದ ಕಾಲಿಂಚು ದಾರದ ತುದಿಯನ್ನು ಕಚ್ಚಿಸಿ ಎಳೆದೆ, ಮುಚ್ಚಳ ಟಪ್ಪೆಂದು ಬಂತು. ರಬ್ಬರ್ ವಾಷರ್ ಸರಿಯಿದೆಯೇ ಎಂದು ನೋಡಿ, ರೆಗ್ಯುಲೇಟರ್ ಕೂರಿಸಿ, ಕಾಫಿಗೆ ಹಾಲು ಇಟ್ಟೆವು.