ನಿಲ್ಲಿಸಿ ಬಿ.ಪಿ. ನೋಡಿ

ಕೇಳುಗರಿಗೆ ನಮಸ್ಕಾರ. ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಎಲ್ಲರೂ ಕೈನಡುಕದ ಬಗ್ಗೆಯೇ ಕೇಳುತ್ತಾರೆ. ಇವತ್ತು ಅದನ್ನು ಬದಿಗಿಡೋಣ. ರಕ್ತದೊತ್ತಡ, ಜೀರ್ಣ, ಮೂತ್ರ, ಬೆವರು ಇವನ್ನೆಲ್ಲ ನಮ್ಮನ್ನು ಕೇಳದೆಯೇ ನಡೆಸುವ ನರಗಳಿವೆ. ಈ ಕಾಯಿಲೆ ಅವನ್ನೂ ಬಿಡುವುದಿಲ್ಲ.

ಈ ಕಾಯಿಲೆಯಿದ್ದ ಮದ್ದೂರು ಕಡೆಯ ಹಿರಿಯರೊಬ್ಬರು ಬೀಗರ ಊಟಕ್ಕೆ ಹೋಗಿದ್ದರು. ಮುದ್ದೆ, ಸಾರು, ಎಲ್ಲವೂ ಗಡದ್ದಾಗಿಯೇ ಆಯಿತು. ಪಂಕ್ತಿಯಿಂದ ಎದ್ದು ಕೈ ತೊಳೆಯಲು ಹೋದವರು ನಲ್ಲಿಯ ಬಳಿಯೇ ಕುಸಿದರು. 'ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ' ಎಂದು ಯಾರೋ ಅಂದರಂತೆ. ಪಾಪ, ಆ ಮನುಷ್ಯ ಹೆಂಡದ ವಾಸನೆಗೂ ಮಾರು ದೂರ! ತಲೆಯ ಸ್ಕ್ಯಾನ್ ಆಯಿತು, ಸಕ್ಕರೆ ಪರೀಕ್ಷೆ ಆಯಿತು, ಎಲ್ಲ ಸರಿ. ಮಲಗಿಸಿ ನೋಡಿದಾಗ ಬಿ.ಪಿ. ಹೆಚ್ಚಿತ್ತೆಂದು ಯಾರೋ ಅದರ ಮಾತ್ರೆಯನ್ನೂ ಏರಿಸಿದ್ದರು! ಕೊನೆಗೆ ಸುಳಿವು ಕೊಟ್ಟವರು ಹೆಂಡತಿ: 'ಉಂಡು ಎದ್ದಾಗಲೇ ಹೀಗಾಗುವುದು ಸ್ವಾಮಿ.' ಮಲಗಿಸಿ ನೋಡಿದೆ, ಬಿ.ಪಿ.ಯ ಮೇಲಿನ ಅಂಕಿ 150. ನಿಲ್ಲಿಸಿ ಮೂರು ನಿಮಿಷ ಬಿಟ್ಟು ನೋಡಿದೆ, 94. ಅಷ್ಟರಲ್ಲಿ ಅವರು ಮೇಜಿನ ಅಂಚು ಹಿಡಿದುಕೊಂಡಿದ್ದರು.

ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಉಂಡಾಗ ಹೊಟ್ಟೆಗೆ ಹರಿಯುತ್ತದೆ. ನರಗಳು ರಕ್ತನಾಳಗಳನ್ನು ಬಿಗಿ ಮಾಡಿ ಅದನ್ನು ಮೇಲಕ್ಕೆ ಕಳುಹಿಸಬೇಕು. ಇಲ್ಲಿ ಆ ಬಿಗಿಯೇ ಬರುವುದಿಲ್ಲ. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಎಚ್ಚರವಾಗಿ. ಪಾರ್ಕಿನ್ಸನ್ ಮಾತ್ರೆಗಳು, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆ ಕೊಡುವ ಕೆಲವು ಮಾತ್ರೆಗಳೂ ಒತ್ತಡ ಇಳಿಸಬಹುದು. ಆದ್ದರಿಂದ ದಯವಿಟ್ಟು ರೋಗಿಯನ್ನು ನಿಲ್ಲಿಸಿ ಬಿ.ಪಿ. ನೋಡಿ. ಕುಳಿತಲ್ಲೇ ತೋಳಿಗೆ ಪಟ್ಟಿ ಸುತ್ತಿ 'ನಾರ್ಮಲ್' ಎಂದು ಕಳುಹಿಸಿದರೆ, 'ನಿಲ್ಲಿಸಿ ನೋಡಿ ಡಾಕ್ಟರೇ' ಎಂದು ನೀವೇ ಕೇಳಿ. ಸಂಕೋಚವೇಕೆ?

ಹಾಸಿಗೆಯಿಂದ ಒಮ್ಮೆಗೇ ಏಳಬೇಡಿ, ಅಂಚಿನಲ್ಲಿ ಕುಳಿತು ಏಳಿ. ಏಳುವ ಮುನ್ನ ಎರಡು ಲೋಟ ನೀರು ಕುಡಿಯಿರಿ. ಮುದ್ದೆ ಚಿಕ್ಕದಿರಲಿ, ಊಟ ಎರಡರ ಬದಲು ನಾಲ್ಕು ಸಲ ಆಗಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ.

ಸಮಯ ಮುಗಿಯುತ್ತಿದೆ ಎಂದು ಇಲ್ಲಿ ಸನ್ನೆ ಮಾಡುತ್ತಿದ್ದಾರೆ. ಮಲಬದ್ಧತೆ, ಪದೇ ಪದೇ ಮೂತ್ರ, ಇವೂ ಇದೇ ನರಗಳ ತೊಂದರೆ. ಮಲಬದ್ಧತೆಯಂತೂ ನಡುಕಕ್ಕಿಂತ ವರ್ಷಗಳ ಮೊದಲೇ ಬರಬಹುದು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗಲೇ ಮಲಬದ್ಧತೆಯ ಬಗ್ಗೆಯೂ ಬರೆದಿದ್ದರು. ವಯಸ್ಸಾಯಿತು ಎಂದು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮಲಗಿದಾಗಿನ ಅಂಕಿ, ನಿಂತಾಗಿನ ಅಂಕಿ, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ನಮಸ್ಕಾರ.