ತುರುಫಿಲ್ಲದೆ ಆರಂಭಿಸೋಣ: ಗೆಳೆಯರೊಡನೆ ‘ಇಪ್ಪತ್ತೆಂಟು’ ಕಲಿಯುವ ಬಗೆ

(ದೃಶ್ಯ: ಮಂಡ್ಯ ಸಮೀಪದ ಹಳ್ಳಿಯೊಂದರ ಹಳೆಯ ಮನೆಯ ಜಗುಲಿ. ಚಾಪೆಯ ಮೇಲೆ ನಾಲ್ವರು ಗೆಳೆಯರು ಎದುರುಬದುರಾಗಿ ಕುಳಿತಿದ್ದಾರೆ. ನಡುವೆ ಒಂದು ಕಟ್ಟು ಇಸ್ಪೀಟೆಲೆ.)

ನಮಸ್ಕಾರ. ಶಿವರಾತ್ರಿಯ ಜಾಗರಣೆಯಲ್ಲಿ ಹಿರಿಯರು ಇಸ್ಪೀಟೆಲೆ ಹಂಚುವುದನ್ನು ಅವರ ಬೆನ್ನ ಹಿಂದೆ ಕುಳಿತು ನೋಡಿದವರು ನಮ್ಮಲ್ಲಿ ಅನೇಕರಿದ್ದೇವೆ. ಆದರೆ ಹಾಗೆ ನೋಡುವುದಕ್ಕೂ, ಎಲೆ ನಮ್ಮ ಕೈಗೇ ಬಂದಾಗ ಯಾವುದನ್ನು ಇಳಿಸಬೇಕೆಂದು ತಿಳಿಯುವುದಕ್ಕೂ ಬಹಳ ಅಂತರವಿದೆ. ಇಂದು ನಾವು ಕಲಿಯಲಿರುವುದು ‘ಇಪ್ಪತ್ತೆಂಟು’ ಎಂಬ ಆಟ. ಕೇರಳದಲ್ಲಿ ಮನೆಮಾತಾಗಿರುವ ಈ ಆಟವನ್ನು ನಾವು ಇಲ್ಲಿ ಹಣ ಕಟ್ಟದೆ, ಲೆಕ್ಕ ಮತ್ತು ನೆನಪಿನ ಆಟವಾಗಿಯೇ ಆಡುತ್ತೇವೆ.

ಮೊದಲು ಎಲೆಗಳನ್ನು ಆರಿಸಿಕೊಳ್ಳೋಣ. 52 ಎಲೆಗಳ ಕಟ್ಟಿನಿಂದ ಎರಡರಿಂದ ಆರರವರೆಗಿನ 20 ಎಲೆಗಳನ್ನು ತೆಗೆದಿಟ್ಟರೆ 32 ಉಳಿಯುತ್ತವೆ. ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್ ಎಂಬ ನಾಲ್ಕು ರಂಗುಗಳಲ್ಲಿ ತಲಾ ಎಂಟು. ಹೊಸಬರು ಎಡವುವುದು ಇವುಗಳ ಮೇಲುಕೀಳಿನಲ್ಲಿ. ಈ ಆಟದಲ್ಲಿ ರಾಜನಿಗಿಂತಲೂ ಎಕ್ಕಕ್ಕಿಂತಲೂ ಗುಲಾಮನೇ ದೊಡ್ಡವನು. ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು ಎಂಬುದು ಇಳಿಕೆಯ ಕ್ರಮ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1, ಉಳಿದವುಗಳಿಗೆ ಅಂಕವಿಲ್ಲ. ಒಂದು ರಂಗಿನಲ್ಲಿ 7 ಅಂಕವಾದರೆ ನಾಲ್ಕು ರಂಗುಗಳಲ್ಲಿ 28. ಆಟದ ಹೆಸರು ಬಂದದ್ದು ಅಲ್ಲಿಂದಲೇ. ಸ್ವಿಟ್ಜರ್ಲೆಂಡಿನ ಯಾಸ್ ಆಟದಲ್ಲಿಯೂ ತುರುಫಿನ, ಅಂದರೆ ಉಳಿದ ರಂಗುಗಳನ್ನೆಲ್ಲ ಸೋಲಿಸುವ ರಂಗಿನಲ್ಲಿ ಗುಲಾಮ ಮತ್ತು ಒಂಬತ್ತೇ ಮೊದಲ ಎರಡು ಸ್ಥಾನಗಳಲ್ಲಿವೆ.

(ದೃಶ್ಯ: ಆಟೀನಿನ ಎಂಟು ಎಲೆಗಳು ಸಾಲಾಗಿ ಜೋಡಣೆಯಾಗುತ್ತವೆ. ಬಳಿಕ ತೆರೆಯ ಮೇಲೆ ಮೈಸೂರು ಗಂಜೀಫಾದ ದುಂಡನೆಯ ಎಲೆಗಳು.)

ಈಗ ನನ್ನ ಮುಖ್ಯವಾದ ಸಲಹೆಯನ್ನು ಹೇಳುತ್ತೇನೆ: ಮೊದಲ ಹತ್ತಾಟಗಳನ್ನು ತುರುಫು ಇಲ್ಲದೆಯೇ ಆಡಿ. ನನಗೆ ಕಲಿಸಿದವರು ಮೊದಲ ದಿನವೇ ತುರುಫು ಹೇಳಿಕೊಟ್ಟಿದ್ದರಿಂದ, ನನ್ನ ಪಟ್ಟು (ಒಂದು ಸುತ್ತಿನಲ್ಲಿ ಬಿದ್ದ ಎಲೆಗಳು) ಕೈತಪ್ಪಿದಾಗಲೆಲ್ಲ ಅದು ತುರುಫಿನಿಂದ ಹೋಯಿತೋ ನನ್ನ ತಪ್ಪಿನಿಂದ ಹೋಯಿತೋ ಎಂಬುದು ಬಹಳ ದಿನ ತಿಳಿಯಲೇ ಇಲ್ಲ. ತುರುಫಿಲ್ಲದ ಆಟವೆಂದರೆ ಕೊರತೆಯುಳ್ಳ ಆಟವೆಂದು ಭಾವಿಸಬೇಕಾಗಿಲ್ಲ, ಏಕೆಂದರೆ ನಮ್ಮ ಮೈಸೂರು ಹೆಸರು ಪಡೆದ ಗಂಜೀಫಾ ಎಂಬ ದುಂಡೆಲೆಗಳ ಹಳೆಯ ಆಟವೇ ಅದಕ್ಕೆ ಸಾಕ್ಷಿ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳ ಹೆಸರಿನ ಹತ್ತು ರಂಗುಗಳು, ರಂಗಿಗೆ 12ರಂತೆ 120 ಎಲೆಗಳು. ಅದೂ ಪಟ್ಟು ಗೆಲ್ಲುವ ಆಟವೇ ಆದರೂ ಅಲ್ಲಿ ತುರುಫು ಎಂಬುದಿಲ್ಲ. ಅರ್ಧದಷ್ಟು ರಂಗುಗಳಲ್ಲಿ ಅಂಕಿಯೆಲೆಗಳ ಮೇಲುಕೀಳು ತಿರುಗುಮುರುಗಾಗಿರುವುದರಿಂದ ಆಡುವವರಿಗೆ ನೆನಪೇ ಆಧಾರ. ಹಗಲಿನಲ್ಲಿ ರಾಮನ ರಂಗಿನಿಂದಲೂ ರಾತ್ರಿಯಲ್ಲಿ ಕೃಷ್ಣನ ರಂಗಿನಿಂದಲೂ ಆಟ ತೊಡಗುವ ರೂಢಿ ನನಗೆ ಬಹಳ ಪ್ರಿಯವಾದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಎಲೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದಿದ್ದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರಣೆಯಿದೆ.

(ದೃಶ್ಯ: ಮತ್ತೆ ಜಗುಲಿ. ಎಲೆ ಹಂಚಲಾಗುತ್ತಿದೆ.)

ಎದುರುಬದುರು ಕುಳಿತವರು ಒಂದು ಜೊತೆ. ಪ್ರತಿಯೊಬ್ಬರಿಗೂ ಎಂಟು ಎಲೆಗಳು. ಆಟವು ಬಲಗಡೆಗೆ ಸಾಗುತ್ತದೆ. ಒಬ್ಬರು ಇಳಿಸಿದ ರಂಗು ನಿಮ್ಮ ಕೈಯಲ್ಲಿದ್ದರೆ ಅದನ್ನೇ ಇಳಿಸಬೇಕು. ಇಲ್ಲದಿದ್ದರೆ ಮಾತ್ರ ಬೇರೆ ಎಲೆ. ನಾಲ್ಕು ಎಲೆ ಬಿದ್ದಾಗ ಒಂದು ಪಟ್ಟು. ಇಳಿದ ರಂಗಿನಲ್ಲಿ ದೊಡ್ಡ ಎಲೆ ಹಾಕಿದವರು ಅದನ್ನು ಎತ್ತಿಕೊಂಡು ಮುಂದಿನ ಎಲೆಯನ್ನು ಇಳಿಸುತ್ತಾರೆ.

ಒಂದು ಪಟ್ಟನ್ನು ನಿಧಾನವಾಗಿ ನೋಡೋಣ. ಹೊಸ್ತಿಲ ಬಳಿ ಕುಳಿತವರು ಆಟೀನ್ ಎಕ್ಕ ಇಳಿಸಿದರು. ಅವರ ಬಲಗಡೆಯವರು ಆಟೀನ್ ರಾಜ ಹಾಕಿದರು. ಈಗ ಸರದಿ ಹೊಸ್ತಿಲಿನವರ ಜೊತೆಗಾರರದು. ಅವರ ಕೈಯಲ್ಲಿ ಆಟೀನಿನ ಒಂಬತ್ತು ಮತ್ತು ಎಂಟು ಇವೆ. ಪಟ್ಟು ಹೇಗೂ ನಮ್ಮದೇ ಎಂದು ಅವರು ಒಂಬತ್ತು ಹಾಕಿದರು. ನಾಲ್ಕನೆಯವರು ಗುಲಾಮನನ್ನು ಹಾಕಿ ಪಟ್ಟು ಎತ್ತಿದರು. 1, 0, 2, 3 ಸೇರಿ 6 ಅಂಕ ಎದುರಾಳಿಗಳ ಪಾಲಾಯಿತು.

ಇದು ದುರದೃಷ್ಟವಲ್ಲ. 32 ಎಲೆಗಳೂ ಹಂಚಿಹೋಗಿರುವುದರಿಂದ, ಇದೇ ಮೊದಲ ಪಟ್ಟಾಗಿರುವಾಗ, ಆಟೀನ್ ಗುಲಾಮ ನಾಲ್ವರಲ್ಲಿ ಒಬ್ಬರ ಬಳಿ ಇರಲೇಬೇಕು. ಮೊದಲನೆಯವರ ಬಳಿ ಇದ್ದಿದ್ದರೆ ಅವರು ಬಹುಮಟ್ಟಿಗೆ ಅದನ್ನೇ ಇಳಿಸುತ್ತಿದ್ದರು. ಎರಡನೆಯವರ ಬಳಿ ಇದ್ದಿದ್ದರೆ ಎಕ್ಕವನ್ನು ಬಿಟ್ಟುಕೊಟ್ಟು ರಾಜನನ್ನು ಹಾಕುತ್ತಿರಲಿಲ್ಲ. ಮೂರನೆಯವರು ನೀವೇ ಎಂದುಕೊಳ್ಳಿ, ನಿಮ್ಮ ಕೈಯಲ್ಲಂತೂ ಇಲ್ಲ. ಹಾಗಾದರೆ ಅದು ನಾಲ್ಕನೆಯವರಲ್ಲಿದೆ ಎಂದೇ ತಿಳಿದು ಎಂಟನ್ನು ಹಾಕಿದ್ದರೆ, 6ರ ಬದಲು 4 ಅಂಕವಷ್ಟೇ ಹೋಗುತ್ತಿತ್ತು. ಮೇಲಾಗಿ, ಗುಲಾಮ ಹೊರಬಿದ್ದ ಮೇಲೆ ನಿಮ್ಮ ಒಂಬತ್ತೇ ಆ ರಂಗಿನ ಒಡೆಯನಾಗಿ ಉಳಿಯುತ್ತಿತ್ತು. ಬಿದ್ದ ಎಲೆ ಮಾತ್ರವಲ್ಲ, ಬೀಳದ ಎಲೆಯೂ ಮಾತನಾಡುತ್ತದೆ. ಅದನ್ನು ಕೇಳಿಸಿಕೊಳ್ಳಲು ತುರುಫಿನ ಗದ್ದಲವಿಲ್ಲದ ಹತ್ತಾಟಗಳು ಬೇಕು.

(ದೃಶ್ಯ: ಚಾಪೆಯ ಮೇಲೆ ಒಂದು ಎಲೆ ಬೋರಲಾಗಿ ಇಡಲ್ಪಡುತ್ತದೆ.)

ಇನ್ನು ತುರುಫು. ಈಗ ಮೊದಲು ನಾಲ್ಕೇ ಎಲೆ ಹಂಚಿ, ಕೂಗಲು ಅವಕಾಶ ಕೊಡಲಾಗುತ್ತದೆ. ಕನಿಷ್ಠ ಕೂಗು 14. ನಮ್ಮ ಜೊತೆ ಇಷ್ಟು ಅಂಕ ಗಳಿಸುತ್ತದೆ ಎಂಬ ಮಾತು ಅದು. ಹೆಚ್ಚು ಕೂಗಿದವರು ತಮ್ಮ ಎಲೆಯೊಂದನ್ನು ಬೋರಲಾಗಿ ಇಡುತ್ತಾರೆ. ಅದರ ರಂಗೇ ತುರುಫು. ಬಳಿಕ ಇನ್ನೂ ನಾಲ್ಕು ಎಲೆ. ನೀವು 16 ಕೂಗಿದ್ದರೆ ಎದುರಾಳಿಗಳಿಗೆ 13 ಸಿಕ್ಕಕೂಡಲೇ ನಿಮ್ಮ ಕೂಗು ಬಿದ್ದಂತೆ. ಒಂದೇ ರಂಗಿನ ಗುಲಾಮ ಮತ್ತು ಒಂಬತ್ತು ಜೊತೆಯಾಗಿ ಬಂದಿಲ್ಲವಾದರೆ ಕಲಿಯುವ ದಿನಗಳಲ್ಲಿ ದೊಡ್ಡ ಕೂಗಿಗೆ ಹೋಗಬೇಡಿ.

ತುರುಫು ತೆರೆಯುವವರೆಗೂ ಆ ರಂಗಿಗೆ ವಿಶೇಷ ಬಲವಿಲ್ಲ. ಇಳಿದ ರಂಗು ಕೈಯಲ್ಲಿಲ್ಲದವರು ತೆರೆಯಿರಿ ಎಂದು ಕೇಳಬಹುದು. ಹಾಗೆ ಕೇಳಿದವರು ಕೈಯಲ್ಲಿದ್ದರೆ ತುರುಫನ್ನೇ ಹಾಕಬೇಕು. ತುರುಫಿನ ರಾಜ-ರಾಣಿ ಒಬ್ಬರಲ್ಲೇ ಇದ್ದರೆ ಕೂಗಿನ ಗುರಿ ಬದಲಾಗುವ ಪದ್ಧತಿಯೂ ಉಂಟು. ಇಂತಹವು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಕೂರುವ ಮೊದಲೇ ಒಪ್ಪಿಕೊಳ್ಳಿ.

ತೆರೆಯಿರಿ ಎನ್ನುವುದು ಯಾವಾಗ? ಜೊತೆಗಾರರೇ ಪಟ್ಟು ಗೆಲ್ಲುತ್ತಿದ್ದರೆ ಕೇಳದೆ, ಅಂಕವುಳ್ಳ ಎಲೆಯೊಂದನ್ನು ಅವರ ಪಟ್ಟಿಗೆ ಸೇರಿಸಿ. ಎದುರಾಳಿಗಳ ಪಟ್ಟಿನಲ್ಲಿ ಬರಿಯ ರಾಣಿ, ಎಂಟು, ಏಳು ಬಿದ್ದಿದ್ದರೆ ನೀವೂ ಒಂದು ಏಳನ್ನು ಎಸೆದು ಸುಮ್ಮನಿರಿ. ಗುಲಾಮನೋ ಒಂಬತ್ತೋ ಅವರ ಕೈಸೇರುವ ಹೊತ್ತಿನಲ್ಲಿ ಮಾತ್ರ ತೆರೆಯಿರಿ ಎನ್ನಿ.

(ದೃಶ್ಯ: ಕಟ್ಟು ಬಲಗಡೆಯವರ ಕೈಗೆ ಹೋಗುತ್ತದೆ. ಅವರು ಎಲೆ ಕಲೆಸಿ, ನಾಲ್ಕು ನಾಲ್ಕರಂತೆ ಹಂಚತೊಡಗುತ್ತಾರೆ.)